ಸಾಕ್ಷಿ ಹೇಳುವವರು ಯಾರು?

ಕನ್ನಡದಲ್ಲಿ ನಾವು 'ಸಾಕ್ಷ್ಯಚಿತ್ರ' ಅಂತೀವಿ. ಈ ಮಾತನ್ನು ಕಟ್ಟಿದವರು ಯಾರೇ ಇರಲಿ, ಅವರಿಗೊಂದು ನಮಸ್ಕಾರ. ಯಾಕಂದರೆ ಈ ಮಾತಿನೊಳಗೆ ಸಿನಿಮಾಕ್ಕಿಂತ ಮೊದಲು ಕೋರ್ಟಿದೆ, ಪಂಚಾಯ್ತಿ ಕಟ್ಟೆಯಿದೆ, 'ನೀನು ಕಂಡದ್ದೇನು, ಹೇಳು' ಅನ್ನುವ ದನಿಯಿದೆ. ಸಾಕ್ಷಿ ಅಂದರೇನು ಅಂತ ನಮಗೆ ಯಾರೂ ಪುಸ್ತಕ ಕೊಟ್ಟು ಕಲಿಸಬೇಕಾಗಿಲ್ಲ. ಹೊಡೆದವನು ಎದುರಿಗೇ ನಿಂತಿದ್ದರೂ ಕಂಡವರು ಬಾಯಿ ಬಿಡದಿದ್ದರೆ, ಹೊಡೆತವೇ ಬಿದ್ದಿಲ್ಲ ಅಂತ ಬರಕೊಳ್ಳುತ್ತೆ ಕಾಗದ. 2000ದ ಮಾರ್ಚಿನಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಹೆಣ ಇದ್ದವು, ಬೂದಿ ಇತ್ತು, ಸಾಕ್ಷಿ ಇರಲಿಲ್ಲ.

ಈ ಮಾತನ್ನು ಮಡಿಲಲ್ಲಿ ಕಟ್ಟಿಕೊಂಡು ನಾವು ಆಸ್ಟ್ರೇಲಿಯಾದ ಸಾಕ್ಷ್ಯಚಿತ್ರಗಳನ್ನು ನೋಡಲು ಕೂತೆವು. ಹಾಸ್ಟೆಲಿನ ಒಂದು ಕೋಣೆ, ಒಂದೇ ಲ್ಯಾಪ್‌ಟಾಪು, ಐದಾರು ತಲೆ. 'ಯಾಕಪ್ಪಾ ಆಸ್ಟ್ರೇಲಿಯಾ, ಕ್ರಿಕೆಟ್ಟು ಬಿಟ್ಟರೆ ಆ ದೇಶದ್ದೇನಿದೆ ನಮಗೆ' ಅಂತ ಕೇಳಿದವರುಂಟು. ಕೇಳಿದವರು ಓದಿದ ನಮ್ಮವರೇ. ಮೈದಾನದ ಹುಲ್ಲನ್ನು ನೋಡು, ಹುಲ್ಲಿನ ಕೆಳಗಿನ ನೆಲ ಯಾರದು ಅಂತ ಕೇಳಬೇಡ ಅಂತಲೇ ನಮ್ಮನ್ನೆಲ್ಲ ಬೆಳೆಸಿದ್ದಾರೆ.

ನಮಗಿದ್ದ ಪ್ರಶ್ನೆ ಸಣ್ಣದು, ಆದರೆ ಬಿಡದೆ ಕಾಡುವಂಥದ್ದು. ಒಬ್ಬನ ನೋವನ್ನು ಇನ್ನೊಬ್ಬ ತೋರಿಸಬಹುದೆ? ತೋರಿಸಿದ ಮಾತ್ರಕ್ಕೆ ನ್ಯಾಯ ಹುಟ್ಟುತ್ತದೆಯೆ? 'ನನ್ನನ್ನು ತೋರಿಸಬೇಡ' ಅನ್ನುವ ಹಕ್ಕು ನೋವುಂಡವನಿಗೆ ಇದೆಯೋ ಇಲ್ಲವೋ?

ಕ್ಯಾಮೆರಾಕ್ಕಿಂತ ಮೊದಲಿನ ಕತೆಯೊಂದನ್ನು ಹೇಳಬೇಕು. 1838ರ ಜೂನ್ 10. ನ್ಯೂ ಸೌತ್ ವೇಲ್ಸ್‌ನ ಮಯಾಲ್ ಕ್ರೀಕ್ ಎಂಬ ದನಗಾವಲು. ಬಿಳಿ ಧಣಿಗಳ ಆಳುಗಳು ಕುದುರೆಯೇರಿ ಬಂದು ಕಡಿಮೆಯೆಂದರೂ ಇಪ್ಪತ್ತೆಂಟು ಜನ ಆದಿವಾಸಿಗಳನ್ನು ಹಗ್ಗದಲ್ಲಿ ಕಟ್ಟಿ ಎಳೆದೊಯ್ದು ಕೊಂದರು. ಹೆಚ್ಚಿನವರು ಹೆಂಗಸರು, ಕೂಸುಗಳು, ಮುದುಕರು. ಆಮೇಲೆ ಹೆಣಗಳನ್ನು ಸುಟ್ಟರು. ಅಲ್ಲೇ ದುಡಿಯುತ್ತಿದ್ದ ಡೇವಿ ಎಂಬ ಆದಿವಾಸಿ ಆಳಿಗೆ ನಡೆದದ್ದು ಗೊತ್ತಿತ್ತು. ಆದರೆ ಕೋರ್ಟಿನಲ್ಲಿ ಅವನು ನಿಲ್ಲುವಂತಿರಲಿಲ್ಲ. ಬೈಬಲ್ ಮುಟ್ಟಿ ಪ್ರಮಾಣ ಮಾಡಲು ಅವನು ಕ್ರಿಶ್ಚಿಯನ್ ಅಲ್ಲವಲ್ಲ! ಕೊನೆಗೆ ಆಂಡರ್ಸನ್ ಎಂಬ ಬಿಳಿ ಕೈದಿಯಾಳು ಧೈರ್ಯ ಮಾಡಿ ಸಾಕ್ಷಿ ಹೇಳಿದ್ದರಿಂದ ಏಳು ಜನರಿಗೆ ಗಲ್ಲಾಯಿತು. ಆ ಪ್ರಾಂತ್ಯದಲ್ಲಿ ಆದಿವಾಸಿಯ ಮಾತನ್ನು ಕೋರ್ಟು ಕೇಳಬಹುದು ಅಂತ ಕಾನೂನಾದದ್ದು 1876ರಲ್ಲಿ. ಮುಟ್ಟಿದರೆ ಮೈಲಿಗೆ ಅನ್ನುವುದು ನಮಗೆ ಗೊತ್ತಿರುವ ಕತೆ. ಮುಟ್ಟಲಾರದವನ ಮಾತು ಮಾತೇ ಅಲ್ಲ ಅನ್ನುವುದು ಅಲ್ಲಿಯ ಕತೆ. ಎರಡೂ ಒಂದೇ ಮಗ್ಗದ ಬಟ್ಟೆ.

ಇಂಥ ನೆಲಕ್ಕೆ ಕ್ಯಾಮೆರಾ ಬಂತು. ಸಾಕ್ಷಿ ಕೇಳೋದಕ್ಕೇನೂ ಅಲ್ಲ. 1898ರಲ್ಲಿ ಕೇಂಬ್ರಿಡ್ಜಿನಿಂದ ಹ್ಯಾಡನ್ ಎಂಬ ಪಂಡಿತ ತನ್ನ ತಂಡ ಕಟ್ಟಿಕೊಂಡು ಆಸ್ಟ್ರೇಲಿಯಾದ ಉತ್ತರ ತುದಿಯ ಟಾರೆಸ್ ಜಲಸಂಧಿಗೆ ಬಂದ. ಅಲ್ಲಿ ಮೆರ್ ಅಂತ ಒಂದು ದ್ವೀಪ. ಅಲ್ಲಿನ ಜನ ಮಾಲೋ-ಬೊಮಾಯ್ ದೈವದ ಕುಣಿತ ಕುಣಿಯುವುದನ್ನು ಅವನು ಚಿತ್ರ ಹಿಡಿದ. ಈಗ ಉಳಿದಿರುವುದು ನಾಲ್ಕು ನಿಮಿಷದಷ್ಟು. ಆ ದ್ವೀಪಗಳಿಗೆ ಪಾದ್ರಿಗಳು ಬಂದದ್ದು 1871ರಲ್ಲಿ. ಆಮೇಲೆ ಹಳೆಯ ದೈವ, ಹಳೆಯ ಮುಖವಾಡ ಎಲ್ಲ ಮೂಲೆ ಸೇರಿದ್ದವು. ಹ್ಯಾಡನ್‌ಗೆ ಬೇಕಾದದ್ದು ಪಾದ್ರಿ ಬರುವ ಮುಂಚಿನ ಕುಣಿತ. ಹಾಗಾಗಿ ರಟ್ಟಿನಲ್ಲಿ ಮುಖವಾಡ ಮಾಡಿದರು. ರಟ್ಟು ಕಟ್ಟಿಕೊಂಡು ಜನ ಕುಣಿದರು.

ಈ ರಟ್ಟಿನ ಮುಖವಾಡವನ್ನು ನಾವು ಬಹಳ ಹೊತ್ತು ನೋಡಿದೆವು. ಒಂದು ಕೈ ದೈವವನ್ನು ಕಸಿಯುತ್ತದೆ, ಇನ್ನೊಂದು ಕೈ ಅದೇ ದೈವವನ್ನು ರಟ್ಟಿನಲ್ಲಿ ಮಾಡಿಸಿ 'ಕುಣಿಯಿರಿ' ಅನ್ನುತ್ತದೆ. ಎರಡೂ ಕೈ ಒಂದೇ ಹಡಗಿನ ದಾರಿಯಲ್ಲಿ ಬಂದವು. ಹ್ಯಾಡನ್ ಕೆಟ್ಟವನು ಅಂತ ನಾವು ಹೇಳುತ್ತಿಲ್ಲ. ಅವನಿಗೆ ಆ ಜನರ ಮೇಲೆ ಪ್ರೀತಿಯೇ ಇತ್ತು. ಆದರೆ ಪ್ರೀತಿಗೂ ಒಂದು ಯಜಮಾನಿಕೆ ಇರುತ್ತೆ. 'ನೀವು ಹೀಗೇ ಇರಬೇಕು, ಆಗಲೇ ಚೆಂದ' ಅನ್ನುವ ಯಜಮಾನಿಕೆ.

ನಮ್ಮ ಅಜ್ಜಿಯ ನೆನಪಾಗುತ್ತೆ ಇಲ್ಲಿ. ಪಟ್ಟಣದವರೊಬ್ಬರು ಕೇರಿಗೆ ಬಂದು ಕ್ಯಾಮೆರಾ ತೆಗೆದಾಗ ಅಜ್ಜಿ, 'ಇರಪ್ಪ, ಬೇರೆ ಸೀರೆ ಉಟ್ಕೊಂಡ್ ಬತ್ತೀನಿ' ಅಂದಳು. 'ಬೇಡಜ್ಜಿ, ಹಿಂಗೇ ಚೆನ್ನಾಗಿದೆ' ಅಂದರು ಅವರು. ಪಕ್ಕದಲ್ಲಿ ಸುಣ್ಣ ಹೊಡೆದ ಗೋಡೆಯಿತ್ತು, ಬಿದ್ದ ಗೋಡೆಯ ಹತ್ತಿರ ನಿಲ್ಲಿಸಿದರು. ಆ ಫೋಟೋ ಅಜ್ಜಿಯ ಕಣ್ಣಿಗೆ ಬೀಳಲೇ ಇಲ್ಲ. ಒಳ್ಳೆಯವರೇ, ನಮ್ಮ ಪರವಾಗಿಯೇ ಬರೆದಿರಬೇಕು. ಆದರೆ ಹರಿದ ಸೀರೆ ಅಜ್ಜಿಯ ಪಾಲಿಗೆ ರಟ್ಟಿನ ಮುಖವಾಡವಾಯಿತು.

ಇಷ್ಟಕ್ಕೇ ನಿಲ್ಲಿಸಿ ಹ್ಯಾಡನ್‌ನ ಮೇಲೆ ಕಲ್ಲು ಹೊಡೆದಿದ್ದರೆ ನಮಗೂ ಸುಲಭವಾಗುತ್ತಿತ್ತು. ಆದರೆ ಮೆರ್ ದ್ವೀಪದ ಕತೆ ಅಲ್ಲಿಗೆ ನಿಲ್ಲುವುದಿಲ್ಲ. 1936ರಲ್ಲಿ ಅದೇ ದ್ವೀಪದಲ್ಲಿ ಎಡ್ಡಿ ಕೊಯ್ಕಿ ಮಾಬೋ ಹುಟ್ಟಿದ. ಬೆಳೆದ ಮೇಲೆ ಟೌನ್ಸ್‌ವಿಲ್‌ನ ವಿಶ್ವವಿದ್ಯಾನಿಲಯದಲ್ಲಿ ತೋಟದ ಮಾಲಿಯಾಗಿ ಸೇರಿದ. ಅಲ್ಲಿ ಇಬ್ಬರು ಇತಿಹಾಸದ ಮೇಷ್ಟ್ರುಗಳ ಹತ್ತಿರ ಊರಿನ ತನ್ನ ನೆಲದ ಸುದ್ದಿ ಮಾತಾಡುತ್ತಿದ್ದಾಗ ಅವರು ಹೇಳಬೇಕಾಯಿತು: ಕಾನೂನಿನ ಲೆಕ್ಕದಲ್ಲಿ ಅದು ನಿನ್ನ ನೆಲ ಅಲ್ಲಪ್ಪಾ, ಸರ್ಕಾರದ್ದು ಅಂತ. ಮಾಲಿ ಬೆಚ್ಚಿಬಿದ್ದ. ಅಪ್ಪ, ಅಜ್ಜ, ಮುತ್ತಜ್ಜ ಬೇಲಿ ಹಾಕಿ ತೋಟ ಮಾಡಿದ ನೆಲ! ಬಿಳಿಯರು ಬಂದಿಳಿದಾಗ ಆ ನೆಲ ಯಾರಿಗೂ ಸೇರಿರಲಿಲ್ಲ ಅನ್ನುವುದು ಆ ದೇಶದ ಕಾನೂನಿನ ಬುನಾದಿ. ಜನ ಇದ್ದರು, ಆದರೆ ನೆಲಕ್ಕೆ ಒಡೆಯರಿರಲಿಲ್ಲ ಅಂತೆ. ಎಂಥಾ ಶಾಸ್ತ್ರ ನೋಡಿ. ನಮ್ಮ ಮನುವಿಗೆ ಅಲ್ಲೂ ಒಬ್ಬ ತಮ್ಮ ಹುಟ್ಟಿದ್ದ.

1982ರಲ್ಲಿ ಮಾಬೋ ಮತ್ತು ಜೊತೆಗಾರರು ಕೇಸು ಹಾಕಿದರು. ಹತ್ತು ವರ್ಷ ನಡೆಯಿತು. ಈ ನೆಲ ತಲೆತಲಾಂತರದಿಂದ ಇಂಥಿಂಥ ಮನೆತನದ್ದು ಅಂತ ತೋರಿಸುವಾಗ, ಹ್ಯಾಡನ್‌ನ ತಂಡ ಬರೆದಿಟ್ಟ ವರದಿಗಳೂ ವಂಶಾವಳಿಗಳೂ ಕೋರ್ಟಿನಲ್ಲಿ ಕೆಲಸಕ್ಕೆ ಬಂದವು! ಕುತೂಹಲಕ್ಕೆ ಬರಕೊಂಡದ್ದು ನ್ಯಾಯಕ್ಕೆ ಒದಗಿತು. ಧಣಿಯ ಲೆಕ್ಕದ ಪುಸ್ತಕ ಕಡೆಗೊಂದು ದಿನ ಧಣಿಯ ಮೇಲೇ ಸಾಕ್ಷಿ ಹೇಳಿತು. 1992ರ ಜೂನ್ 3ರಂದು ತೀರ್ಪು ಬಂತು. ಒಡೆಯರಿಲ್ಲದ ನೆಲ ಅನ್ನುವ ಸುಳ್ಳು ಬಿತ್ತು. ಕೇಳೋದಕ್ಕೆ ಮಾಬೋ ಇರಲಿಲ್ಲ. ಐದು ತಿಂಗಳ ಹಿಂದೆಯಷ್ಟೆ ಕ್ಯಾನ್ಸರ್‌ನಲ್ಲಿ ಹೋಗಿದ್ದ.

ಟ್ರೆವರ್ ಗ್ರಹಾಂ ಎಂಬಾತ 1997ರಲ್ಲಿ ಮಾಬೋನ ಬದುಕಿನ ಸಾಕ್ಷ್ಯಚಿತ್ರ ಮಾಡಿದ. ಅದರಲ್ಲಿ ಎದೆ ಕಲಕುವುದು ತೀರ್ಪಲ್ಲ, ತೀರ್ಪಿನ ಮೂರು ವರ್ಷದ ಮೇಲೆ ನಡೆದದ್ದು. 1995ರಲ್ಲಿ ಟೌನ್ಸ್‌ವಿಲ್‌ನಲ್ಲಿ ಅವನ ಗೋರಿಗೆ ಕಲ್ಲು ನಿಲ್ಲಿಸಿ, ಬಳಗವೆಲ್ಲ ಸೇರಿ ಹಾಡಿ, ಉಂಡು ಮಲಗಿದ ರಾತ್ರಿಯೇ ಯಾರೋ ಬಂದು ಅದರ ಮೇಲೆ ಸ್ವಸ್ತಿಕ ಬಳಿದು, ಹೊಲಸು ಮಾತು ಬರೆದು, ಅವನ ಮುಖದ ಕಂಚಿನ ಫಲಕ ಕಿತ್ತುಕೊಂಡು ಹೋದರು. ಕೋರ್ಟು ಕೊಟ್ಟದ್ದನ್ನು ಬಣ್ಣದ ಡಬ್ಬಿ ಕಸಿಯಲು ನೋಡಿತು. ಮನೆಯವರು ಹೆಣವನ್ನೇ ಎತ್ತಿ ಮೆರ್‌ಗೆ ಒಯ್ದು ಮತ್ತೆ ಮಣ್ಣು ಮಾಡಿದರು. ಆ ರಾತ್ರಿ ದ್ವೀಪದವರು ಎಂಬತ್ತು ವರ್ಷಗಳಿಂದ ಯಾರೂ ಕಾಣದಿದ್ದ, ದೊರೆಗೆ ಮಾತ್ರ ಸಲ್ಲುವ ಮಣ್ಣಿನ ಕುಣಿತ ಕುಣಿದರೆಂದು ಹೇಳುತ್ತಾರೆ. ಅದೇ ದ್ವೀಪ, ಮತ್ತೆ ಕ್ಯಾಮೆರಾ. ಆದರೆ ಈ ಸಲ ಯಾರೂ 'ಕುಣಿಯಿರಿ' ಅಂದಿರಲಿಲ್ಲ.

ಇನ್ನೊಂದು ಚಿತ್ರದ ಮಾತು. ಇದು ನಮ್ಮ ಕೋಣೆಯಲ್ಲಿ ಜಗಳ ಹಚ್ಚಿದ ಚಿತ್ರ. 1957ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಶಾಸಕ ಗ್ರೇಡನ್, ಆದಿವಾಸಿ ಪಾದ್ರಿ ಡಗ್ ನಿಕೋಲ್ಸ್ ಜೊತೆಗೂಡಿ ವಾರ್ಬರ್ಟನ್ ಬೆಟ್ಟಗಳ ಮರುಭೂಮಿಗೆ ಹೋದ. ಆ ಸೀಮೆಯಲ್ಲಿ ಸರ್ಕಾರ ರಾಕೆಟ್ಟು, ಬಾಂಬುಗಳ ಪರೀಕ್ಷೆ ನಡೆಸುತ್ತಿದ್ದ ಕಾಲ ಅದು. ಹಸಿವಿನಿಂದ ಎಲುಬು ಬಿಟ್ಟುಕೊಂಡ ತಾಯಂದಿರನ್ನೂ ಮಕ್ಕಳನ್ನೂ ಅವರು ಚಿತ್ರ ಹಿಡಿದು ತಂದು ಪಟ್ಟಣಗಳ ಸಭಾಂಗಣಗಳಲ್ಲಿ ತೋರಿಸಿದರು. ಹಂಗೆಲ್ಲ ಏನೂ ಇಲ್ಲ, ಇದು ಉತ್ಪ್ರೇಕ್ಷೆ ಅಂತ ಬರೆದವರಲ್ಲಿ ಆಗಿನ್ನೂ ಹರೆಯದ ಪತ್ರಿಕಾ ಧಣಿ ರೂಪರ್ಟ್ ಮರ್ಡಾಕ್‌ನೂ ಒಬ್ಬ. (ಬೆಳೆಯುವ ಪೈರು ಮೊಳಕೆಯಲ್ಲೇ!) ಆದರೆ ನೋಡಿದ ಜನ ಅತ್ತರು, ಸಂಘಟನೆ ಕಟ್ಟಿದರು. 1958ರಲ್ಲಿ ಆದಿವಾಸಿ ಹಕ್ಕುಗಳ ಒಕ್ಕೂಟ ಹುಟ್ಟಲು, ಮುಂದೆ 1967ರ ಜನಮತಗಣನೆಯಲ್ಲಿ ನೂರಕ್ಕೆ ತೊಂಬತ್ತು ಮಂದಿ ಆದಿವಾಸಿಗಳ ಪರ ಓಟು ಹಾಕಲು ಆ ಚಿತ್ರ ಹಚ್ಚಿದ ಕಿಚ್ಚೂ ಒಂದು ಕಾರಣ.

ಹಾಗಾದರೆ ಒಳ್ಳೆಯದೇ ಆಯಿತಲ್ಲ ಅಂದ ಒಬ್ಬ ಗೆಳೆಯ. ಒಳ್ಳೆಯದಾಯಿತು, ನಿಜ. ಆದರೆ ಆ ತಾಯಂದಿರನ್ನು ಯಾರು ಕೇಳಿದರು? ನಮ್ಮಜ್ಜಿಗೆ 'ಬೇರೆ ಸೀರೆ ಉಡ್ತೀನಿ' ಅನ್ನುವಷ್ಟಾದರೂ ಬಾಯಿತ್ತು. ಮೆಲ್ಬರ್ನಿನ ಸಭಾಂಗಣದಲ್ಲಿ ತನ್ನ ಬತ್ತಿದ ಮೊಲೆ ಗೋಡೆಯಷ್ಟು ಅಗಲಕ್ಕೆ ಕಾಣುತ್ತೆ ಅಂತ ಮರುಭೂಮಿಯ ಆ ತಾಯಿಗೆ ಹೇಳಿದವರಿದ್ದರೇನು? ಗೆಳೆಯ ಬಿಡಲಿಲ್ಲ. 'ಹೊಟ್ಟೆಗಿಲ್ಲದವರಿಗೆ ಮೊದಲು ಅನ್ನ ಬರಲಿ, ಮಾನದ ಮಾತು ಆಮೇಲೆ' ಅಂದ. ನಾವು ಹೇಳಿದೆವು: ಅನ್ನ ಬೇಕಾದರೆ ಮಾನ ಬಿಡು, ಮಾನ ಬೇಕಾದರೆ ಅನ್ನ ಬಿಡು ಅನ್ನುವ ಈ ತಕ್ಕಡಿಯೇ ಧಣಿಯದ್ದು. ಬಾಬಾಸಾಹೇಬರು 1927ರಲ್ಲಿ ಮಹಾಡದ ಕೆರೆಗೆ ಹೋದದ್ದು ಬರೀ ಬಾಯಾರಿಕೆಗಲ್ಲ. ಜಗಳ ಆ ರಾತ್ರಿ ಮುಗಿಯಲಿಲ್ಲ. ಈಗಲೂ ನಮ್ಮ ನಿಲುವು ಇಷ್ಟೆ: ಆ ಚಿತ್ರ ಮಾಡಿದ್ದು ತಪ್ಪಲ್ಲ, ಆದರೆ ಸಾಲ ಉಳಿದಿದೆ. ಕರುಣೆಯಿಂದ ಎತ್ತಿಕೊಂಡದ್ದೂ ಎತ್ತಿಕೊಂಡದ್ದೇ.

ಈಗ 1972. ಆ ವರ್ಷ ಜನವರಿ 26ರಂದು ನಾಲ್ಕು ಜನ ಆದಿವಾಸಿ ಹುಡುಗರು ಕ್ಯಾನ್‌ಬೆರಾದ ಪಾರ್ಲಿಮೆಂಟಿನ ಮುಂದಿನ ಹುಲ್ಲಿನಲ್ಲಿ ಕಡಲ ದಂಡೆಯ ಒಂದು ಛತ್ರಿ ನೆಟ್ಟು, ಇದು ನಮ್ಮ ರಾಯಭಾರ ಕಚೇರಿ ಅಂದರು. ಸ್ವಂತ ನೆಲದಲ್ಲೇ ನಾವು ಪರದೇಶಿಗಳು, ಹಾಗಾಗಿ ನಮಗೂ ಒಂದು ಕಚೇರಿ ಬೇಕಲ್ಲ! ಜುಲೈಯಲ್ಲಿ ಪೊಲೀಸರು ಡೇರೆ ಕಿತ್ತರು, ಜನರನ್ನು ಬಡಿದರು. ಅದನ್ನೆಲ್ಲ ಒಳಗಿದ್ದೇ ಹಿಡಿದ ಚಿತ್ರ 'ನಿಂಗ್ಲಾ ಅ-ನ', ಅಂದರೆ ನಮ್ಮ ನೆಲದ ಹಸಿವು. ಆ ಹುಡುಗರ ಓರಗೆಯವರು ಬ್ರಿಸ್ಬೇನಿನಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಕಟ್ಟಿದ್ದರು. ಅದೇ 1972ರಲ್ಲಿ ಮುಂಬಯಿಯಲ್ಲಿ ದಲಿತ್ ಪ್ಯಾಂಥರ್ಸ್ ಹುಟ್ಟಿತು. ಅದರ ಬಿಸಿ ಗಡಿ ದಾಟಿ ನಮ್ಮ ಕೇರಿಗಳಿಗೂ ಬಂತು. ಇವರಿಗೆ ಅವರು ಗೊತ್ತಿಲ್ಲ, ಅವರಿಗೆ ಇವರು ಗೊತ್ತಿಲ್ಲ. ಅಮೆರಿಕದ ಒಂದೇ ಕರಿ ಚಿರತೆಯ ಹೆಜ್ಜೆ ಎರಡು ಕಡೆ ಮೂಡಿತ್ತು. ಚಿತ್ರದಲ್ಲಿ ಆ ಹುಡುಗರ ಗುಂಗುರು ತಲೆ, ನಡೆ, ಪೊಲೀಸರ ಎದುರು ತೋಳು ತೋಳು ಹೆಣೆದು ನಿಂತ ರೀತಿ ನೋಡಿ ನಮ್ಮ ಕೋಣೆಯಲ್ಲಿ ಯಾರೋ 'ಇವರು ನಮ್ಮೋರು ಕಣ್ರೋ' ಅಂದ. ಯಾರೂ ನಗಲಿಲ್ಲ.

ಅಲ್ಲಿಂದ ಮುಂದೆ ಕ್ಯಾಮೆರಾ ಕೈ ಬದಲಾಗತೊಡಗಿತು. 1978ರಲ್ಲಿ ಬ್ರೆವಾರಿನ ಎಂಬ ಊರಿನ ಮುರುವಾರಿ ಹೆಂಗಸು ಎಸ್ಸಿ ಕಾಫಿ ತನ್ನ ಚಿತ್ರವನ್ನು ತಾನೇ ನಿರ್ದೇಶಿಸಿದಳು. ಆದಿವಾಸಿ ಹೆಣ್ಣೊಬ್ಬಳು ನಿರ್ದೇಶಿಸಿದ ಮೊದಲ ಸಾಕ್ಷ್ಯಚಿತ್ರ ಅದೇ ಅನ್ನುತ್ತಾರೆ. ಅದರಲ್ಲಿ ಅವಳು ಊರ ಅಂಚಿಗೆ ದೂಡಿದ ತನ್ನ ಜನರ ಮನೆಗಳನ್ನು ತೋರಿಸುತ್ತಾಳೆ, ಕುಡಿತವನ್ನು ಮುಚ್ಚಿಡುವುದಿಲ್ಲ, ಮಕ್ಕಳನ್ನು ಕಾಡಿಗೆ ಕರೆದೊಯ್ದು ಯಾವ ಗೆಡ್ಡೆ ತಿನ್ನಬೇಕು ಅಂತ ಕಲಿಸುತ್ತಾಳೆ. ಅದೇ ಬಡತನ, ಅದೇ ದೂಳು. ಆದರೆ ನೋಡುತ್ತಿರುವ ನಮಗೆ ಅಯ್ಯೋ ಅನ್ನಿಸುವುದಿಲ್ಲ. ಯಾಕಂದರೆ ತೋರಿಸುವವಳು ನಮ್ಮ ಅಯ್ಯೋ ಕೇಳುತ್ತಿಲ್ಲ.

ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಅಲುಗಿಸಿದ್ದು 'ಟೂ ಲಾಸ್', ಎರಡು ಕಾನೂನು. 1981ರದು. ಉತ್ತರದ ಬೊರೊಲೂಲಾ ಊರಿನ ಆದಿವಾಸಿಗಳು, ಕವಾಡಿನಿ ಮತ್ತು ಸ್ಟ್ರಾಚನ್ ಎಂಬ ಇಬ್ಬರು ಬಿಳಿಯ ಚಿತ್ರಗಾರರ ಜೊತೆ ಸೇರಿ ಮಾಡಿದ್ದು. ಏನು ಹೇಳಬೇಕು, ಯಾರು ಹೇಳಬೇಕು, ಎಲ್ಲಿ ಕೂತು ಹೇಳಬೇಕು ಎಲ್ಲ ಊರ ಸಭೆಯಲ್ಲೇ ತೀರ್ಮಾನ. ಅವರಲ್ಲಿ ಯಾರ ಪಕ್ಕ ಯಾರು ಕೂರಬೇಕು ಅನ್ನೋದಕ್ಕೆ ನಂಟಿನ ಕಟ್ಟಳೆಯಿದೆ, ಯಾವ ಕತೆ ಹೇಳುವ ಹಕ್ಕು ಯಾರಿಗೆ ಅನ್ನೋದಕ್ಕೂ ಕಟ್ಟಳೆಯಿದೆ. ಒಬ್ಬರ ಮುಖವನ್ನು ಹತ್ತಿರಕ್ಕೆಳೆದು ತೋರಿಸಿದರೆ ಪಕ್ಕದಲ್ಲಿ ಕೂತವರೆಲ್ಲ ಚೌಕಟ್ಟಿನಾಚೆ ಬೀಳುತ್ತಾರೆ. ಅದಕ್ಕೇ ಅಗಲವಾಗಿ ಕಾಣುವ ಲೆನ್ಸು. ಹೇಳುವವರು ಹೇಳುತ್ತಾರೆ, ಉಳಿದವರು ಸುಮ್ಮನೆ ಕೂತಿರುತ್ತಾರೆ. ಮೊದಲು ನಮಗೆ ಬೇಜಾರಾಯಿತು, ಇದೇನಪ್ಪಾ ಇಷ್ಟು ಜನ ಸುಮ್ಮನೆ ಕೂತವರೆ ಅಂತ. ಆಮೇಲೆ ತಿಳಿಯಿತು. ಅವರು ಸುಮ್ಮನೆ ಕೂತಿಲ್ಲ. ಅವರೇ ಸಾಕ್ಷಿ! ಹೇಳಿದ್ದು ಸರಿ ಅಂತ ಅವರು ಕೂತಿರುವುದೇ ರುಜು.

ಚಿತ್ರದಲ್ಲಿ 1933ರ ಒಂದು ಘಟನೆ ಬರುತ್ತದೆ. ದನ ಕೊಂದರೆಂಬ ನೆಪಕ್ಕೆ ಪೊಲೀಸನೊಬ್ಬ ಆದಿವಾಸಿಗಳನ್ನು ಹಿಡಿದು ಕಟ್ಟಿ, ಬಡಿದು, ಹತ್ತಾರು ಮೈಲಿ ನಡೆಸಿಕೊಂಡು ಹೋದದ್ದು. ಡಾಲಿ ಎಂಬ ಹೆಂಗಸು ಆ ಏಟಿಗೇ ಸತ್ತಳು. ಅದನ್ನು ಊರವರು ತಾವೇ ಆಡಿ ತೋರಿಸುತ್ತಾರೆ. ನಟನೆ ಅಂತ ಗೊತ್ತಾಗುವ ಹಾಗೆಯೇ. ಹ್ಯಾಡನ್‌ನ ರಟ್ಟಿನ ಮುಖವಾಡವೂ ನಟನೆ, ಇದೂ ನಟನೆ. ಅಂತರ ಅಳೆಯಲು ಗಜಕೋಲು ಬೇಕೇ? ಅಲ್ಲಿ ನೋಡುವವನಿಗಾಗಿ ಕುಣಿದರು. ಇಲ್ಲಿ ಸತ್ತವಳಿಗಾಗಿ ಆಡಿದರು.

ನಗುವಿನ ಮಾತೊಂದನ್ನೂ ಹೇಳಿಬಿಡುತ್ತೇವೆ. 1986ರಲ್ಲಿ ಅಲ್ಲಿನ ಟೀವಿಯಲ್ಲಿ 'ಬಾಬಾಕ್ಯುಏರಿಯಾ' ಅಂತ ಅರ್ಧ ಗಂಟೆಯ ಹುಸಿ ಸಾಕ್ಷ್ಯಚಿತ್ರ ಬಂತು. ಸಮವಸ್ತ್ರ ತೊಟ್ಟ ಕರಿಯರು ದೋಣಿಯಿಂದ ಇಳಿಯುತ್ತಾರೆ. ದಡದಲ್ಲಿ ಬಿಳಿಯರು ಮಾಂಸ ಸುಡುತ್ತಿದ್ದಾರೆ. ಈ ಜಾಗಕ್ಕೇನಂತೀರಿ ಅಂತ ಕೇಳಿದರೆ ಅವರು ಬಾರ್ಬೆಕ್ಯೂ ಏರಿಯಾ ಅನ್ನುತ್ತಾರೆ. ದೇಶಕ್ಕೆ ಅದೇ ಹೆಸರು! ಆಮೇಲೆ ಕರಿಯ ಹೆಣ್ಣುಮಗಳೊಬ್ಬಳು ಮೈಕು ಹಿಡಿದು ಒಂದು ಬಿಳಿಯ ಸಂಸಾರದ ದಿನನಿತ್ಯದ ಬದುಕನ್ನು ಅಧ್ಯಯನ ಮಾಡುತ್ತಾಳೆ. ಅವರ ಆಚಾರ, ಅವರ ಊಟ, ಪಾಪ ಎಷ್ಟು ಮುಗ್ಧ ಜನ ಅಂತ. ಅವರ ಮಗಳನ್ನು ಒಳ್ಳೆಯದಕ್ಕಾಗಿ ಸರ್ಕಾರ ಎತ್ತಿಕೊಂಡು ಹೋಗುತ್ತದೆ. ಹೊಟ್ಟೆ ಹಿಡಿದು ನಕ್ಕೆವು. ನಗುತ್ತಾ ನಗುತ್ತಾ ಗಂಟಲು ಕಟ್ಟಿತು. ಯಾಕಂದರೆ ಆ ದೇಶದ ಆದಿವಾಸಿ ಮಕ್ಕಳನ್ನು ತಾಯಂದಿರಿಂದ ಕಿತ್ತು ಆಶ್ರಮಗಳಿಗೂ ಬಿಳಿಯರ ಮನೆಗೆಲಸಕ್ಕೂ ಹಾಕಿದ್ದು ನಿಜದಲ್ಲಿ ನಡೆದದ್ದು. ದುಡಿದ ಹುಡುಗಿಯರ ಕೂಲಿಯನ್ನು ಸರ್ಕಾರದ ಮಂಡಳಿಯೇ ಇಟ್ಟುಕೊಂಡದ್ದನ್ನು 1983ರ 'ಲೌಸಿ ಲಿಟಲ್ ಸಿಕ್ಸ್‌ಪೆನ್ಸ್' ಚಿತ್ರದಲ್ಲಿ ಆ ಹುಡುಗಿಯರೇ ಮುದುಕಿಯರಾಗಿ ಕೂತು ಹೇಳುತ್ತಾರೆ. ಅಂದಹಾಗೆ ಆ ಹುಸಿ ಚಿತ್ರ ಬರೆದವನೂ ನಿರ್ದೇಶಿಸಿದವನೂ ಬಿಳಿಯರೇ. ಇದ್ದರೇನಂತೆ, ಕ್ಯಾಮೆರಾವನ್ನು ತಮ್ಮ ಕಡೆಗೇ ತಿರುಗಿಸಿಕೊಂಡರಲ್ಲ. ಹಿಂಗೆ ಬರೆಯುವ ನಮ್ಮ ಅಗ್ರಹಾರದ ಮಿತ್ರರು ಎಲ್ಲಿದ್ದೀರಪ್ಪಾ?

ಈಗ ನಮಗೇ ಕಷ್ಟವಾದ ಮಾತಿಗೆ ಬರಬೇಕು. ಅಲ್ಲಿನ ಎಷ್ಟೋ ಚಿತ್ರಗಳ ಮೊದಲಿಗೆ ಒಂದು ಎಚ್ಚರಿಕೆ ಬರುತ್ತದೆ: ಇದರಲ್ಲಿ ತೀರಿಕೊಂಡ ಆದಿವಾಸಿಗಳ ಮುಖ, ದನಿ ಇರಬಹುದು ಅಂತ. ಅನೇಕ ಸಮುದಾಯಗಳಲ್ಲಿ ಸತ್ತವರ ಹೆಸರನ್ನು ಒಂದಷ್ಟು ಕಾಲ ಕೂಗಬಾರದು, ಮುಖ ನೋಡಬಾರದು. ದುಃಖದ ಕಟ್ಟಳೆ ಅದು. 1901ರಲ್ಲಿ ಸ್ಪೆನ್ಸರ್ ಮತ್ತು ಗಿಲ್ಲೆನ್ ಮಧ್ಯದ ಮರುಭೂಮಿಯಲ್ಲಿ ಹಿಡಿದ ಅರೆರ್ನ್ಟೆ ಜನರ ಆಚರಣೆಗಳಲ್ಲಿ ಹೊರಗಿನವರು ನೋಡಬಾರದ್ದೂ ಇದ್ದವು. 1960ರ ದಶಕದಲ್ಲಿ ಸರ್ಕಾರದ ಸಂಸ್ಥೆಯೇ ತೆಗೆಸಿದ ಕೆಲವು ಚಿತ್ರಗಳನ್ನು, ಅವು ಗಂಡಸರ ಗುಟ್ಟಿನ ಆಚರಣೆಗಳೆಂಬ ಕಾರಣಕ್ಕೆ, ಸಾರ್ವಜನಿಕರಿಗೆ ತೋರಿಸದಂತೆ ಬೀಗ ಹಾಕಿಟ್ಟರು.

ಬಂಡಾಯದ ನಾವು 'ಎಲ್ಲವನ್ನೂ ಬಯಲಿಗೆಳೆಯಿರಿ' ಅಂತ ಕೂಗಿಯೇ ಬೆಳೆದವರು. ಗುಟ್ಟು ಅಂದ ಕೂಡಲೆ ನಮಗೆ ಗರ್ಭಗುಡಿ ನೆನಪಾಗುತ್ತೆ. ವೇದ ಕೇಳಿದರೆ ಕಿವಿಗೆ ಕಾದ ಸೀಸ ಅಂತ ಬರೆದವರ ಗುಟ್ಟು. ಅದನ್ನು ಒಡೆಯಬೇಕು, ಅನುಮಾನವಿಲ್ಲ. ಆದರೆ ಆಳುವವನು ಬಾಗಿಲು ಹಾಕುವುದಕ್ಕೂ, ಎಲ್ಲ ಕಸಿಸಿಕೊಂಡವನು ಉಳಿದ ಒಂದನ್ನು ಸೆರಗಲ್ಲಿ ಮುಚ್ಚಿಕೊಳ್ಳುವುದಕ್ಕೂ ಅಂತರ ಇಲ್ಲವೇ? ನೆಲ ಹೋಯ್ತು, ಮಕ್ಕಳು ಹೋದರು, ಭಾಷೆ ಹೋಯ್ತು. ಸತ್ತ ಅವ್ವನ ಮುಖವನ್ನಾದರೂ ಯಾವಾಗ ನೋಡಬೇಕು ಅಂತ ನಾವೇ ತೀರ್ಮಾನಿಸ್ತೀವಿ ಅನ್ನುವವರ ಮುಂದೆ ನಮ್ಮ ಘೋಷಣೆ ಸಣ್ಣದಾಯಿತು. ಗುಂಪಿನಲ್ಲಿ ಒಬ್ಬಳು ಗೆಳತಿ ಇದಕ್ಕೆ ಒಪ್ಪಲಿಲ್ಲ. 'ನಮ್ಮ ಹೆಣಗಳ ಫೋಟೋ ಹೊರಗೆ ಬರದಂತೆ ನೋಡ್ಕೊಳ್ಳೋದು ಸವರ್ಣೀಯರಿಗೇ ಬೇಕಾಗಿರೋದು. ನಾವೂ ಮುಚ್ಚಿಟ್ಟರೆ ಅವರ ಕೆಲಸ ನಾವು ಮಾಡಿದಂಗೆ' ಅಂದಳು. ಅವಳ ಮಾತಿನಲ್ಲಿ ಸತ್ಯವಿದೆ. ನಮಗೆ ತೋಚಿದ್ದು ಇಷ್ಟು: ಬಿದ್ದವನನ್ನು ತೋರಿಸುವ ಮುಂಚೆ ಬಿದ್ದವನ ಮನೆಯವರನ್ನು ಕೇಳು; ಕೆಡವಿದವನನ್ನು ತೋರಿಸೋದಕ್ಕೆ ಯಾರನ್ನೂ ಕೇಳಬೇಡ.

ಕೆಡವಿದವನನ್ನು ತೋರಿಸಿದರೆ ಸಾಕೇ? 2016ರ ಜುಲೈನಲ್ಲಿ ಆಸ್ಟ್ರೇಲಿಯಾದ ಸರ್ಕಾರಿ ಟೀವಿ ಒಂದು ಕಾರ್ಯಕ್ರಮ ತೋರಿಸಿತು. ಉತ್ತರ ಪ್ರಾಂತ್ಯದ ಮಕ್ಕಳ ಜೈಲುಗಳ ಚಿತ್ರ. ಹರೆಯದ ಆದಿವಾಸಿ ಹುಡುಗನನ್ನು ಕುರ್ಚಿಗೆ ಬಿಗಿದು, ತಲೆಗೆ ಮುಸುಕು ಹಾಕಿ ಕೂರಿಸಿದ್ದಾರೆ. ಹಿಡಿದದ್ದು ಜೈಲಿನದೇ ಸಿಸಿಟಿವಿ ಕ್ಯಾಮೆರಾ! ಮಾಡಿದವರದೇ ಕಣ್ಣು ಸಾಕ್ಷಿ ಹೇಳಿತು. ಇದಕ್ಕಿಂತ ಗಟ್ಟಿ ಸಾಕ್ಷಿ ಇನ್ನೇನಿದ್ದೀತು? ಮಾರನೆಯ ದಿನವೇ ಪ್ರಧಾನಿ ವಿಚಾರಣಾ ಆಯೋಗ ಘೋಷಿಸಿದರು. 2017ರಲ್ಲಿ ಆಯೋಗ ವರದಿ ಕೊಟ್ಟು, ಮಕ್ಕಳನ್ನು ಅಪರಾಧಿಗಳೆಂದು ಹಿಡಿಯುವ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿ ಅಂದಿತು. 2019ರಲ್ಲಿ 'ಇನ್ ಮೈ ಬ್ಲಡ್ ಇಟ್ ರನ್ಸ್' ಎಂಬ ಚಿತ್ರ ಬಂತು. ಆಲಿಸ್ ಸ್ಪ್ರಿಂಗ್ಸ್‌ನ ಹತ್ತು ವರ್ಷದ ಹುಡುಗ. ಮನೆಯಲ್ಲಿ ಮೂರು ಭಾಷೆ ಬಲ್ಲ, ರೋಗ ವಾಸಿ ಮಾಡುವ ಕೈಗುಣ ಇರುವವನೆಂದು ಜನ ನಂಬುವ ಜಾಣ, ಶಾಲೆಯ ಮಾರ್ಕಿನ ಕಾಗದದಲ್ಲಿ ದಡ್ಡ. (ಈ ಕಾಗದ ನಮಗೂ ಗೊತ್ತು.) ಅವನ ಮನೆಯವರನ್ನು ಜೊತೆಗಿಟ್ಟುಕೊಂಡೇ ಮಾಯಾ ನ್ಯೂವೆಲ್ ಆ ಚಿತ್ರ ಮಾಡಿದ್ದು. ಹನ್ನೆರಡಾದಾಗ ಆ ಹುಡುಗ ಜಿನೀವಾಕ್ಕೆ ಹೋಗಿ ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿಯ ಮುಂದೆ, ಹತ್ತು ವರ್ಷದ ಮಕ್ಕಳನ್ನು ಜೈಲಿಗೆ ಹಾಕಬೇಡಿ ಅಂದ. 2023ರಲ್ಲಿ ಉತ್ತರ ಪ್ರಾಂತ್ಯ ವಯಸ್ಸನ್ನು ಹನ್ನೆರಡಕ್ಕೆ ಏರಿಸಿತು. 2024ರಲ್ಲಿ ಹೊಸ ಸರ್ಕಾರ ಬಂದು ಮತ್ತೆ ಹತ್ತಕ್ಕೆ ಇಳಿಸಿತು.

ಎಲ್ಲರೂ ನೋಡಿದ್ದರು. ಇಡೀ ದೇಶ ನೋಡಿತ್ತು.

ಇದೇ ಮಾತನ್ನು ಇನ್ನೊಂದು ಬಗೆಯಲ್ಲಿ ಹೇಳುವುದು 2019ರ 'ದಿ ಫೈನಲ್ ಕ್ವಾರ್ಟರ್'. ಆಡಂ ಗೂಡ್ಸ್ ಎಂಬ ದೊಡ್ಡ ಫುಟ್ಬಾಲ್ ಆಟಗಾರ, ಆದಿವಾಸಿ. 2013ರಲ್ಲಿ ಮೈದಾನದಲ್ಲಿ ಒಬ್ಬಳು ಹುಡುಗಿ ಅವನನ್ನು 'ಕೋತಿ' ಅಂದದ್ದಕ್ಕೆ ಬೆರಳು ತೋರಿಸಿದ. ಅಷ್ಟೆ. ಆಮೇಲೆ 2015ರವರೆಗೆ ಮೈದಾನ ಮೈದಾನವೇ ಅವನಿಗೆ 'ಬೂ' ಅಂದಿತು, ಆಟ ಬಿಟ್ಟುಹೋಗುವ ತನಕ. ಆ ಚಿತ್ರದಲ್ಲಿ ಹೊಸದಾಗಿ ಯಾರ ಸಂದರ್ಶನವೂ ಇಲ್ಲ. ಆಗ ಟೀವಿಯಲ್ಲಿ ಬಂದದ್ದನ್ನೇ ಜೋಡಿಸಿದ್ದಾರೆ. ಅಂದರೆ ಸಾಕ್ಷಿ ಆಗಲೇ ಇತ್ತು, ವಾರ ವಾರ ಮನೆ ಮನೆಗೆ ಬರುತ್ತಿತ್ತು. ನೋಡುವವರೇ 'ಬೂ' ಅನ್ನುತ್ತಿದ್ದರೆ ಸಾಕ್ಷಿ ಯಾರ ಮುಂದೆ ಹೇಳೋದು? 2023ರ ಅಕ್ಟೋಬರ್ 14ರಂದು ಆದಿವಾಸಿಗಳಿಗೆ ಪಾರ್ಲಿಮೆಂಟಿನ ಮುಂದೆ ಸಲಹೆ ಹೇಳುವ ಒಂದು ದನಿ ಕೊಡೋಣವೇ ಅಂತ ಜನಮತ ಕೇಳಿದಾಗ ನೂರಕ್ಕೆ ಅರವತ್ತು ಮಂದಿ ಬೇಡ ಅಂದರು. ಅವರಲ್ಲಿ ಎಷ್ಟೋ ಮಂದಿ ಈ ಚಿತ್ರಗಳನ್ನು ನೋಡಿ ಕಣ್ಣೊರೆಸಿಕೊಂಡವರೂ ಇದ್ದಾರು. ಅಲ್ಲಿ ಈಗ ನಮ್ಮ ಕನ್ನಡದವರೂ ಇದ್ದಾರೆ, ಸಂಘ ಕಟ್ಟಿ ರಾಜ್ಯೋತ್ಸವ ಮಾಡುತ್ತಾರೆ. ಓಟಿನ ಹಕ್ಕಿರುವವರು ಅವತ್ತು ಎಲ್ಲಿ ಗುರುತು ಹಾಕಿದಿರಿ ಅಂತ ಕೇಳುವ ಆಸೆ ನಮಗೆ.

ಹಾಗಂತ ಕ್ಯಾಮೆರಾ ಮುಚ್ಚಿಡಿ ಅಂತ ನಾವು ಹೇಳುವುದಿಲ್ಲ. 1928ರಲ್ಲಿ ಕಾನಿಸ್ಟನ್ ಎಂಬಲ್ಲಿ ಪೊಲೀಸನ ಮುಂದಾಳುತನದಲ್ಲಿ ವಾರ್ಲ್ಪಿರಿ ಮತ್ತಿತರ ಜನರನ್ನು ವಾರಗಟ್ಟಲೆ ಬೇಟೆಯಾಡಿದರು. ಸರ್ಕಾರದ ಲೆಕ್ಕಕ್ಕೆ ಸತ್ತವರು 31, ಅದೂ ಆತ್ಮರಕ್ಷಣೆಗೆ ಕೊಂದದ್ದು ಅಂತ ವಿಚಾರಣೆ ಮುಗಿಯಿತು. ಜನರ ಬಾಯಲ್ಲಿರುವ ಲೆಕ್ಕ ಅದರ ಎಷ್ಟೋ ಪಟ್ಟು. ಆ ಜನರ ಮೊಮ್ಮಗ ಪೀಳಿಗೆಯ ಫ್ರಾನ್ಸಿಸ್ ಜುಪುರುರ್ಲಾ ಕೆಲ್ಲಿ, ಡೇವಿಡ್ ಬ್ಯಾಟಿ ಜೊತೆ 2012ರಲ್ಲಿ ಆ ಚಿತ್ರ ಮಾಡಿದ. ಮುದುಕರು ಮರದಡಿ ಕೂತು, ಇಲ್ಲಿ ಓಡಿದರು, ಇಲ್ಲಿ ಬಿದ್ದರು ಅಂತ ಬೊಟ್ಟು ಮಾಡಿ ತೋರಿಸುತ್ತಾರೆ. 2018ರಲ್ಲಿ ಅಲ್ಲಿನ ಪೊಲೀಸ್ ಮುಖ್ಯಸ್ಥ ಬಂದು ಕ್ಷಮೆ ಕೇಳಿದ. ತೊಂಬತ್ತು ವರ್ಷ ಹಿಡಿಯಿತು.

ಎಸ್ಸಿ ಕಾಫಿಯ ಒಂದು ಸುದ್ದಿ ಹೇಳದೆ ಬಿಟ್ಟಿದ್ದೆವು. 1988ರಲ್ಲಿ ಬಿಳಿಯರು ಬಂದಿಳಿದು ಇನ್ನೂರು ವರ್ಷವಾಯಿತು ಅಂತ ದೇಶವೆಲ್ಲ ಜಾತ್ರೆ. ಕ್ಯಾನ್‌ಬೆರಾದಲ್ಲಿ ಹೊಸ ಪಾರ್ಲಿಮೆಂಟು ಭವನ ತೆರೆಯಲು ಇಂಗ್ಲೆಂಡಿನ ರಾಣಿ ಬಂದಳು. ಆಗ ರಾಣಿಗೆ ಎಸ್ಸಿ ಕೊಟ್ಟ ಉಡುಗೊರೆ ತಾನು ಮಾಡಿದ ಆ ಚಿತ್ರದ ಒಂದು ಪ್ರತಿ. ಊರಂಚಿನ ಮನೆಗಳು, ಕುಡಿತ, ದೂಳು, ಕಾಡಿನಲ್ಲಿ ಗೆಡ್ಡೆ ಅಗೆಯುತ್ತಿರುವ ಮಕ್ಕಳು, ಎಲ್ಲ ಅದರೊಳಗಿತ್ತು. ಬೇಡಲಿಲ್ಲ, ಅಳಲಿಲ್ಲ. ತಗೋ, ನೋಡು ಅಂತ ಕೈಗಿಟ್ಟು ಬ್ರೆವಾರಿನಕ್ಕೆ ವಾಪಸು ಹೋದಳು.